ಮನೆಯ ಪುಸ್ತಕ, ಕಾಮಿಕ್ಸ್, ಸಂಗೀತದ ನೊಟೇಶನ್: ಆನ್‌ಲೈನ್ ಪಟ್ಟಿ ಮಾಡುವುದು ಹೇಗೆ?

ಪ್ರಶ್ನೆ: ನಮ್ಮ ಮನೆ ಚಿಂತಾಮಣಿಯಲ್ಲಿ. ತಾತನ ಕಾಲದಿಂದ ಸೇರಿದ ಪುಸ್ತಕ, ನಾವು ಚಿಕ್ಕವರಿದ್ದಾಗಿನ ಕಾಮಿಕ್ಸ್, ಅಮ್ಮನ ಸಂಗೀತದ ನೊಟೇಶನ್ ಎಲ್ಲಾ ಸೇರಿ ಎರಡು ಸಾವಿರದ ಹತ್ತಿರ ಇವೆ. ಆನ್‌ಲೈನ್‌ನಲ್ಲಿ ಪಟ್ಟಿ ಮಾಡೋಣ ಅಂತ ಬಾರ್‌ಕೋಡ್ ಸ್ಕ್ಯಾನ್ ಮಾಡುತ್ತಿದ್ದರೆ ಅರ್ಧಕ್ಕರ್ಧ ಸಿಗುತ್ತಲೇ ಇಲ್ಲ. ಯಾವ ಆ್ಯಪ್ ಒಳ್ಳೆಯದು?

ಉತ್ತರ:

ಆ್ಯಪ್ ವಿಚಾರ ಕೊನೆಗಿರಲಿ. ಪಟ್ಟಿಯಲ್ಲಿ ಒಂದು ಸಾಲು ಅಂದರೆ ಏನು ಅನ್ನುವುದು ಮೊದಲು ತೀರ್ಮಾನವಾಗಬೇಕು. ಪುಸ್ತಕದ ವಿಷಯದಲ್ಲಿ ಒಂದು ಸಾಲು ಅಂದರೆ ನಿಮ್ಮ ಕೈಯಲ್ಲಿರುವ ಆ ಪ್ರತಿ, ಆ ಮುದ್ರಣ. ಕಾಮಿಕ್ಸ್‌ನಲ್ಲಿ ಒಂದು ಸಂಚಿಕೆ. ಸಂಗೀತದ್ದು ಬೇರೆ: ಅಲ್ಲಿ ಯಾರೂ ಪುಸ್ತಕ ಹುಡುಕುವುದಿಲ್ಲ, ಒಳಗಿರುವ ಕೃತಿಯನ್ನು ಹುಡುಕುತ್ತಾರೆ. ಈ ಮೂರನ್ನೂ ಒಂದೇ ಅಚ್ಚಿಗೆ ಹೊಯ್ಯಲು ಹೋದರೆ ಪಟ್ಟಿಯೇನೋ ಆಗುತ್ತದೆ, ಬೇಕಾದ್ದು ಬೇಕಾದಾಗ ಸಿಗುವುದಿಲ್ಲ.

ಹಾಗಾಗಿ ಮೂಲ ಪಟ್ಟಿ ನಿಮ್ಮದೇ ಸ್ಪ್ರೆಡ್‌ಶೀಟ್‌ನಲ್ಲಿರಲಿ. ಗೂಗಲ್ ಶೀಟ್ಸ್ ಆಗಬಹುದು, ಲಿಬ್ರೆ ಆಫೀಸ್ ಆಗಬಹುದು. ಜಾಲತಾಣದಲ್ಲಿರುವುದು ಅದರ ನಕಲು ಮಾತ್ರ. ತಾಣ ಮುಚ್ಚಿದರೂ ಶುಲ್ಕ ಕೇಳಿದರೂ ನಿಮ್ಮ ಕೆಲಸ ಉಳಿಯಬೇಕು.

ಮೊದಲ ಕೆಲಸ ನಂಬರ್ ಹಾಕುವುದು. ಪುಸ್ತಕಕ್ಕೆ ಪು-0001, ಕಾಮಿಕ್ಸ್‌ಗೆ ಕಾ-0001, ಸಂಗೀತಕ್ಕೆ ಸಂ-0001 ಎಂದು ಮೂರು ಸರಣಿ ಸಾಕು. ಮುಖಪುಟದ ಒಳಗಿನ ಶೀರ್ಷಿಕೆ ಪುಟದ ಹಿಂಬದಿಯಲ್ಲಿ, ಕೆಳಗಿನ ಮೂಲೆಯಲ್ಲಿ, 2ಬಿ ಪೆನ್ಸಿಲ್‌ನಿಂದ ಮೆಲ್ಲಗೆ ಬರೆಯಿರಿ. ಪೆನ್ನು ಬೇಡ, ಹಳೆಯ ಕಾಗದದಲ್ಲಿ ಶಾಯಿ ಹಿಂದಿನ ಪುಟಕ್ಕೆ ಇಳಿಯುತ್ತದೆ. ಅಂಟು ಚೀಟಿಯೂ ಬೇಡ: ಕೆಲವು ವರ್ಷಕ್ಕೆ ಚೀಟಿ ಉದುರಿ ಅಂಟಿನ ಕಂದು ಕಲೆ ಮಾತ್ರ ನಿಲ್ಲುತ್ತದೆ. ನಂಬರಿನಲ್ಲಿ ವಿಷಯವನ್ನಾಗಲೀ ಬೀರುವಿನ ಜಾಗವನ್ನಾಗಲೀ ಸೇರಿಸಬೇಡಿ. ಜಾಗ ಬದಲಾಗುತ್ತದೆ, ನಂಬರ್ ಬದಲಾಗಬಾರದು. ಜಾಗಕ್ಕೆ ಬೇರೆ ಕಾಲಂ ಇರಲಿ. ‘ಹಾಲ್ ಬೀರು 2, ಹಲಗೆ 3’ ಎಂದು ಬರೆದರೆ ಮನೆಯವರಿಗೆಲ್ಲ ಅರ್ಥವಾಗುತ್ತದೆ.

ನಂಬರ್ ಹಾಕುವಾಗಲೇ ಮೊಬೈಲಿನಲ್ಲಿ ಮೂರು ಫೋಟೋ ತೆಗೆಯಿರಿ: ಹೊರ ರಕ್ಷಾಪುಟ, ಶೀರ್ಷಿಕೆ ಪುಟ, ಅದರ ಬೆನ್ನಿಗಿರುವ ಮುದ್ರಣ ವಿವರದ ಪುಟ. ಫೈಲಿಗೆ ಅದೇ ನಂಬರ್ ಕೊಡಿ. ಆಮೇಲೆ ಟೈಪ್ ಮಾಡುವವರು ಬೀರು ತೆಗೆಯದೆ ಫೋಟೋ ನೋಡಿಯೇ ತುಂಬಬಹುದು. ಹೊರಪುಟದ ಹೆಸರಿಗೂ ಒಳಗಿನ ಶೀರ್ಷಿಕೆ ಪುಟದ ಹೆಸರಿಗೂ ವ್ಯತ್ಯಾಸ ಬಂದರೆ ಒಳಗಿನದನ್ನೇ ಹಿಡಿಯಿರಿ, ಹೊರಗಿನದನ್ನು ಟಿಪ್ಪಣಿಯಲ್ಲಿ ಹಾಕಿ.

ಬಾರ್‌ಕೋಡ್ ಯಾಕೆ ಸಿಗುತ್ತಿಲ್ಲ ಅಂದರೆ, ಕಾರಣ ಒಂದಲ್ಲ. ಹಳೆಯ ಕನ್ನಡ ಪುಸ್ತಕಗಳಿಗೆ ಐಎಸ್‌ಬಿಎನ್ (ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ) ಇರುವುದೇ ಇಲ್ಲ. ಕೆಲವು ಬಾರ್‌ಕೋಡ್ 890ರಿಂದ ಶುರುವಾಗುತ್ತವೆ. ಅದು ಸಾಮಾನು ಮಾರುವ ಭಾರತದ ಕೋಡ್, ಪುಸ್ತಕದ್ದಲ್ಲ. 977ರಿಂದ ಶುರುವಾದರೆ ನಿಯತಕಾಲಿಕ. ಪುಸ್ತಕದ್ದು 978 ಅಥವಾ 979. ನಮ್ಮ ದೇಶದ ಪ್ರಕಾಶಕರದ್ದಾದರೆ ಸಾಮಾನ್ಯವಾಗಿ 978ರ ಮುಂದೆ 81 ಅಥವಾ 93 ಇರುತ್ತದೆ. 2007ಕ್ಕಿಂತ ಮೊದಲಿನವುಗಳಲ್ಲಿ 10 ಅಂಕಿ ಇರುತ್ತದೆ, ಕೊನೆಯದು ಎಕ್ಸ್ ಆಗಿದ್ದರೂ ತಪ್ಪಲ್ಲ, ಅದರ ಬೆಲೆ 10. ಅದನ್ನು 13 ಅಂಕಿಗೆ ತರಲು ಮುಂದೆ 978 ಸೇರಿಸಿ, ಕೊನೆಯ ಅಂಕಿ ತೆಗೆದು, ಹೊಸ ತಾಳೆ ಅಂಕಿ (ನಂಬರ್ ಸರಿಯೇ ಎಂದು ನೋಡಲು ಇರುವ ಕೊನೆಯ ಅಂಕಿ) ಹಾಕಬೇಕು. ತಾಳೆ ನೋಡುವುದು ಸುಲಭ: ಎಡದಿಂದ ಒಂದನೆಯ, ಮೂರನೆಯ, ಐದನೆಯ ಅಂಕಿಗಳನ್ನು ಇದ್ದ ಹಾಗೆ, ಎರಡನೆಯ, ನಾಲ್ಕನೆಯ, ಆರನೆಯದನ್ನು 3ರಿಂದ ಗುಣಿಸಿ, ಹೀಗೆ ಕೊನೆಯವರೆಗೂ ಕೂಡುತ್ತಾ ಹೋಗಿ. ಮೊತ್ತ 10ರಿಂದ ಭಾಗವಾಗಬೇಕು. ಆಗದಿದ್ದರೆ ನೀವು ಟೈಪ್ ಮಾಡಿದ್ದು ತಪ್ಪು, ಇಲ್ಲವೇ ಅಚ್ಚಾಗಿದ್ದೇ ತಪ್ಪು. ಒಂದೇ ನಂಬರನ್ನು ಎರಡು ಪುಸ್ತಕಕ್ಕೆ ಹಾಕಿಬಿಟ್ಟಿರುವ ಸಣ್ಣ ಪ್ರಕಾಶನಗಳೂ ಉಂಟು. ಆದ್ದರಿಂದ ಸ್ಕ್ಯಾನ್ ಮಾಡಿದಾಗ ಬಂದ ಹೆಸರನ್ನು ಕೈಯಲ್ಲಿರುವ ಪುಸ್ತಕದ ಜೊತೆ ಹೋಲಿಸದೆ ಒಪ್ಪಬೇಡಿ.

ಐಎಸ್‌ಬಿಎನ್ ಇಲ್ಲದ ಪುಸ್ತಕದ ಗುರುತು ಮುದ್ರಣ ವಿವರದ ಪುಟದಲ್ಲಿ ಸಿಗುತ್ತದೆ. ಪ್ರಕಾಶಕರು, ಊರು, ಎಷ್ಟನೆಯ ಮುದ್ರಣ, ವರ್ಷ, ಪುಟ, ಆಕಾರ (ಕ್ರೌನ್ 1/8, ಡೆಮಿ 1/8 ಎಂಬ ಕಾಗದದ ಅಳತೆ), ಪ್ರತಿಗಳ ಸಂಖ್ಯೆ, ಬೆಲೆ ಇವೆಲ್ಲ ನಮ್ಮ ಪುಸ್ತಕಗಳಲ್ಲಿ ಎಷ್ಟೋ ಸಲ ಒಂದೇ ಕಡೆ ಇರುತ್ತವೆ. ‘ಮೊದಲ ಮುದ್ರಣ’ ಎಂದು ಮೇಲೆ ಕಂಡ ವರ್ಷವನ್ನೇ ಬರೆದುಕೊಂಡುಬಿಡುವುದು ಎಲ್ಲರೂ ಮಾಡುವ ತಪ್ಪು. ನಿಮ್ಮದು ನಾಲ್ಕನೆಯ ಮುದ್ರಣವಾಗಿದ್ದರೆ ನಾಲ್ಕನೆಯದರ ವರ್ಷ ಬೇಕು. ಎರಡಕ್ಕೂ ಕಾಲಂ ಇಡಿ.

ವರ್ಷವೇ ಇಲ್ಲದಿದ್ದರೆ? ಪುಸ್ತಕವನ್ನೇ ವಿಚಾರಿಸಬೇಕು. ಬೆಲೆ ಆಣೆ ಲೆಕ್ಕದಲ್ಲಿದ್ದರೆ ಹೆಚ್ಚುಕಡಿಮೆ 1957ರ ಏಪ್ರಿಲ್‌ಗೆ ಹಿಂದಿನದು, ಆಗ ದಶಮಾಂಶ ನಾಣ್ಯ ಬಂತು. ‘ಮೈಸೂರು ರಾಜ್ಯ’ ಅಂತಿದ್ದರೆ 1973ರ ನವೆಂಬರ್‌ಗೆ ಹಿಂದಿನದು. ವಿಳಾಸದಲ್ಲಿ ಆರು ಅಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. ಆದರೆ ‘ಬೆಂಗಳೂರು-4’ ಎಂದಷ್ಟೇ ಇದ್ದರೆ ಅದಕ್ಕಿಂತ ಹಳೆಯದು ಅನ್ನುವಂತಿಲ್ಲ, ಆ ರೂಢಿ ಆಮೇಲೂ ಮುಂದುವರಿಯಿತು. ಬರೀ ಸಂವತ್ಸರದ ಹೆಸರಿದ್ದರೆ 60 ವರ್ಷಕ್ಕೊಮ್ಮೆ ಅದೇ ಹೆಸರು ಬರುವುದರಿಂದ ಬೆಲೆ, ವಿಳಾಸಗಳ ಸಾಕ್ಷಿಯೂ ಬೇಕು. ಹೀಗೆ ಊಹಿಸಿದ ವರ್ಷವನ್ನು [1955?] ಎಂದು ಚೌಕ ಕಂಸದಲ್ಲಿ ಹಾಕಿ, ಅಚ್ಚಾದದ್ದಲ್ಲ, ನಾವು ಹಾಕಿದ್ದು ಅಂತ ಮುಂದಿನವರಿಗೆ ತಿಳಿಯಬೇಕು. ನಿಮ್ಮ ಊರಿನ ಹಳೆಯ ಮುದ್ರಣಾಲಯದ ಪುಸ್ತಕಗಳಲ್ಲಿ ‘ಚಿಂತಾಮಣಿ, ಕೋಲಾರ ಜಿಲ್ಲೆ’ ಎಂದಿರುತ್ತದೆ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದದ್ದು 2007ರಲ್ಲಿ. ಅದನ್ನು ತಿದ್ದಬೇಡಿ, ಅಚ್ಚಾದ ಹಾಗೇ ಬರೆಯಿರಿ.

ಇನ್ನು ಹೆಸರುಗಳು. ಪಟ್ಟಿ ಕೆಡುವುದು ಇಲ್ಲೇ. ಮುಳಬಾಗಿಲಿನ ಡಿವಿಜಿ ಒಂದು ಪುಸ್ತಕದಲ್ಲಿ ಡಿ.ವಿ.ಜಿ., ಇನ್ನೊಂದರಲ್ಲಿ ಡಿ. ವಿ. ಗುಂಡಪ್ಪ. ಮಾಲೂರು ತಾಲ್ಲೂಕಿನ ಮಾಸ್ತಿಯವರು ಕೆಲವು ಕಡೆ ‘ಶ್ರೀನಿವಾಸ’. ನಿಮ್ಮ ಪಕ್ಕದ ಕೈವಾರದ ತಾತಯ್ಯನವರ ತತ್ವಪದದ ಪುಸ್ತಕ ತೆಗೆದರೆ ಯೋಗಿ ನಾರೇಯಣ, ಕೈವಾರ ನಾರೇಯಣ, ಕೈವಾರ ತಾತಯ್ಯ, ಹೀಗೆ ಹಲವು ಹೆಸರು ಕಾಣುತ್ತವೆ. ಕಂಪ್ಯೂಟರಿಗೆ ಇವರೆಲ್ಲ ಬೇರೆ ಬೇರೆ ಜನ. ‘ಪುಸ್ತಕದಲ್ಲಿರುವ ಹೆಸರು’ ಒಂದು ಕಾಲಂ, ‘ಒಪ್ಪಿಕೊಂಡ ಹೆಸರು’ ಇನ್ನೊಂದು ಕಾಲಂ ಮಾಡಿ. ಎರಡನೆಯದನ್ನು ಟೈಪ್ ಮಾಡಬೇಡಿ, ಡ್ರಾಪ್‌ಡೌನ್ ಪಟ್ಟಿಯಿಂದ ಆರಿಸುವ ಹಾಗೆ ಇಡಿ. ಇನಿಷಿಯಲ್ ನಡುವೆ ಜಾಗ ಬಿಡುವುದೋ ಬೇಡವೋ ಅನ್ನುವ ಗಲಾಟೆಯೂ ಅಲ್ಲಿಗೆ ಮುಗಿಯುತ್ತದೆ.

ಭಾಷೆ ಬೇರೆ, ಲಿಪಿ ಬೇರೆ ಅನ್ನುವುದನ್ನು ನಮ್ಮ ಗಡಿ ಭಾಗದವರು ಮರೆಯಲೇಬಾರದು. ಕೈವಾರ ತಾತಯ್ಯನವರ ಎಷ್ಟೋ ತತ್ವಪದಗಳು ತೆಲುಗು ಭಾಷೆಯವು, ಅಚ್ಚಾಗಿರುವುದು ಕನ್ನಡ ಲಿಪಿಯಲ್ಲಿ. ತ್ಯಾಗರಾಜರ ಕೃತಿಗಳೂ ನಮ್ಮ ಮನೆಗಳಲ್ಲಿರುವುದು ಹೆಚ್ಚಾಗಿ ಹಾಗೆಯೇ. ಒಂದೇ ಕಾಲಂನಲ್ಲಿ ‘ಕನ್ನಡ’ ಎಂದು ಬರೆದರೆ ತೆಲುಗು ಸಾಹಿತ್ಯ ಹುಡುಕುವವರಿಗೆ ಅದು ಕಾಣುವುದೇ ಇಲ್ಲ.

ಟೈಪ್ ಮಾಡುವಾಗ ಯುನಿಕೋಡ್ (ಎಲ್ಲ ಕಂಪ್ಯೂಟರ್, ಮೊಬೈಲಿಗೂ ಒಂದೇ ಆಗಿರುವ ಅಕ್ಷರ ಸಂಕೇತ) ಮಾತ್ರ ಬಳಸಿ. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಮಾಡಿದ ಪಟ್ಟಿ ಇದ್ದರೆ ಮೊದಲು ಪರಿವರ್ತಿಸಿ, ಪರಿವರ್ತನೆಯಾದ ಮೇಲೆ ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡಿ. ಇನ್ನೊಂದು ಕಾಣದ ಕಳ್ಳ ಇದೆ: ಅನುಸ್ವಾರದ (ಂ) ಬದಲು ಕನ್ನಡ ಅಂಕಿ ಸೊನ್ನೆ (೦) ಬಿದ್ದಿರುವುದು. ‘ಸಂಗೀತ’, ‘ಸ೦ಗೀತ’ ಎರಡೂ ಕಣ್ಣಿಗೆ ಒಂದೇ, ಹುಡುಕಿದರೆ ಎರಡನೆಯದು ಸಿಗುವುದಿಲ್ಲ. ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ಆ ಸೊನ್ನೆಯನ್ನು ಹುಡುಕಿ ಸರಿಪಡಿಸಿ. ಕನ್ನಡ ಅಂಕಿಯಲ್ಲಿ ವರ್ಷ ಬರೆದಿದ್ದರೆ ಅದಕ್ಕೆ ಕೈ ಹಾಕಬೇಡಿ, ಅಲ್ಲಿ ಸೊನ್ನೆ ಸೊನ್ನೆಯೇ.

ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರೆ ಮಾಡಿದ ಸಾದಾ ಪಠ್ಯದ) ಫೈಲನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಎರಡು ಅನಾಹುತ ಆಗಬಹುದು. ಕನ್ನಡವೆಲ್ಲ ಗೀಚಿದ ಹಾಗೆ ಕಾಣುತ್ತದೆ, ಮತ್ತು ಐಎಸ್‌ಬಿಎನ್ ಘಾತಾಂಕ ರೂಪಕ್ಕೆ (9.78E+12 ಹೀಗೆ) ತಿರುಗಿ, ಹಾಗೇ ಸೇವ್ ಮಾಡಿದರೆ ಕೊನೆಯ ಅಂಕಿಗಳು ಸೊನ್ನೆಯಾಗಿ ಹೋಗುತ್ತವೆ. ಡೇಟಾ ಮೆನುವಿನಿಂದ ಆಮದು ಮಾಡಿ, ಯುಟಿಎಫ್-8 ಆರಿಸಿ, ಐಎಸ್‌ಬಿಎನ್ ಕಾಲಂ ‘ಟೆಕ್ಸ್ಟ್’ ಎಂದು ಮೊದಲೇ ಹೇಳಿ.

ಕಾಮಿಕ್ಸ್‌ಗೆ ಬೇಕಾದ್ದು ಮಾಲೆಯ ಹೆಸರು, ಸಂಚಿಕೆ ಸಂಖ್ಯೆ, ತಿಂಗಳು-ವರ್ಷ, ಭಾಷೆ, ಬೆಲೆ, ಸ್ಥಿತಿ. ಸಂಖ್ಯೆಯೇ ತೊಡಕು. ಅಮರ ಚಿತ್ರ ಕಥೆಯಲ್ಲಿ ಹಳೆಯ ಸಂಚಿಕೆಗೂ ಮರುಮುದ್ರಣಕ್ಕೂ ಬೇರೆ ಬೇರೆ ಸಂಖ್ಯೆ ಇರುತ್ತದೆ. ಇಂದ್ರಜಾಲ್ ಕಾಮಿಕ್ಸ್ ಮೊದಲು ಉದ್ದಕ್ಕೂ ಎಣಿಸುತ್ತಾ ಬಂದು ಆಮೇಲೆ ಸಂಪುಟ-ಸಂಚಿಕೆ ಲೆಕ್ಕಕ್ಕೆ ಹೋಯಿತು. ಪುಸ್ತಕದ ಮೇಲಿರುವುದನ್ನು ಇದ್ದಂತೆಯೇ ಬರೆದು, ಹೋಲಿಸಿ ಗೊತ್ತಾದ ಇನ್ನೊಂದು ಸಂಖ್ಯೆಯನ್ನು ಪಕ್ಕದ ಕಾಲಂನಲ್ಲಿ ಹಾಕಿ. ರಕ್ಷಾಪುಟ ಹರಿದು ಹೋಗಿದ್ದರೆ ಮೊದಲ ಪುಟದ ಅಡಿಯಲ್ಲೋ ಹಿಂಬದಿಯ ಒಳಪುಟದಲ್ಲೋ ಸಣ್ಣಕ್ಷರದ ಪ್ರಕಾಶಕರ ಸಾಲು ಹುಡುಕಿ. ಪುಟ ಎಣಿಸದೆ ‘ಪೂರ್ತಿ ಇದೆ’ ಎಂದು ಬರೆಯಬೇಡಿ: ಪಿನ್ ತುಕ್ಕು ಹಿಡಿದಾಗ ಮೊದಲು ಬಿಟ್ಟುಹೋಗುವುದು ನಡುವಿನ ಹಾಳೆ, ಅದು ಹೋದರೆ ನಾಲ್ಕು ಪುಟ ಹೋದಂತೆ. ವಾರಪತ್ರಿಕೆಯಿಂದ ಕತ್ತರಿಸಿ ಬೈಂಡ್ ಮಾಡಿಸಿದ ಧಾರಾವಾಹಿ, ಚಿತ್ರಕಥೆಗಳಿಗೆ ಶೀರ್ಷಿಕೆ ಪುಟ ಇರುವುದಿಲ್ಲ. ಅವಕ್ಕೆ ನೀವೇ ಹೆಸರು ಕಟ್ಟಿ ಚೌಕ ಕಂಸದಲ್ಲಿ ಹಾಕಿ, ಯಾವ ಪತ್ರಿಕೆಯ ಯಾವ ತಿಂಗಳುಗಳು ಎಂದು ಟಿಪ್ಪಣಿ ಬರೆಯಿರಿ.

ಸಂಗೀತಕ್ಕೆ ಎರಡು ಶೀಟ್ ಬೇಕು. ಒಂದರಲ್ಲಿ ಪುಸ್ತಕ, ಇನ್ನೊಂದರಲ್ಲಿ ಅದರೊಳಗಿನ ಒಂದೊಂದು ರಚನೆ. ಎರಡನ್ನೂ ಕಟ್ಟುವುದು ಸಂ- ನಂಬರ್. ರಚನೆಯ ಶೀಟಿನಲ್ಲಿ ಮೊದಲ ಸಾಲು, ಇನ್ನೊಂದು ಹೆಸರು, ಪ್ರಕಾರ, ರಾಗ, ಮೇಳ (ಆ ರಾಗದ ಮೂಲ ರಾಗದ ಸಂಖ್ಯೆ), ತಾಳ, ವಾಗ್ಗೇಯಕಾರ (ರಚಿಸಿದವರು), ಅಂಕಿತ (ರಚನೆಯೊಳಗೆ ಬರುವ ಅವರ ಗುರುತಿನ ಹೆಸರು), ಭಾಷೆ, ಲಿಪಿ, ಪುಟ, ಆರಂಭದ ಸ್ವರ. ಅಂಕಿತ, ಭಾಷೆ, ಲಿಪಿ ಬಿಟ್ಟು ಒಂದು ಸಾಲು ಹೀಗಿರುತ್ತದೆ:

ಸಂ-0007 | ಶ್ರೀ ಗಣನಾಥ | ಲಂಬೋದರ ಲಕುಮಿಕರ | ಗೀತೆ | ಮಲಹರಿ | 15ರ ಜನ್ಯ | ರೂಪಕ | ಪುರಂದರದಾಸರು | ಪುಟ 12 | ಮ ಪ ದ ಸ ಸ ರಿ

‘ಇನ್ನೊಂದು ಹೆಸರು’ ಯಾಕೆ ಅಂದರೆ, ಇದನ್ನು ಕೆಲವರು ಶ್ರೀ ಗಣನಾಥ ಅನ್ನುತ್ತಾರೆ, ಕೆಲವರು ಲಂಬೋದರ. ಎರಡರಲ್ಲೂ ಸಿಗಬೇಕು. ಆರಂಭದ ಸ್ವರ ಒಂದು ಆವರ್ತ (ತಾಳದ ಒಂದು ಸುತ್ತು) ಸಾಕು. ಅದೇ ರಚನೆಯ ಎರಡು ಪಾಠ ಬೇರೆಯೋ ಒಂದೆಯೋ ಎಂದು ಅದರಿಂದಲೇ ತಿಳಿಯುತ್ತದೆ. ಪೂರ್ತಿ ನೊಟೇಶನ್ ಟೈಪ್ ಮಾಡಲು ಹೋಗಬೇಡಿ. ಮೇಲಿನ ಸಾಲಿನಲ್ಲಿ ಕೊನೆಯ ಸ ಸ ರಿ ತಾರಸ್ಥಾಯಿಯವು, ಅಚ್ಚಿನಲ್ಲಿ ನೆತ್ತಿಯ ಮೇಲೆ ಚುಕ್ಕಿ ಇರುತ್ತದೆ. ಟೈಪ್ ಮಾಡಿದಾಗ ಆ ಚುಕ್ಕಿ ಉಳಿಯುವುದು ಕಷ್ಟ. ಫೋಟೋ ಇಟ್ಟುಕೊಳ್ಳಿ, ಅದೂ ಚುಕ್ಕಿ ಕಾಣುವಷ್ಟು ಹತ್ತಿರದಿಂದ.

ದಾಸರ ಪದಗಳಲ್ಲಿ ರಾಗವನ್ನು ಪದಕ್ಕೆ ಅಂಟಿಸಬೇಡಿ. ಒಂದೇ ಪದವನ್ನು ಬೇರೆ ಬೇರೆ ರಾಗದಲ್ಲಿ ಹಾಡುತ್ತಾರೆ, ಸ್ವರ ಹಾಕಿದವರೂ ಬೇರೆ ಬೇರೆ. ‘ಈ ಪುಸ್ತಕದಲ್ಲಿ ರಾಗ’, ‘ಸ್ವರ ಸಂಯೋಜನೆ ಯಾರದು’ ಎಂದು ಕಾಲಂ ಇರಲಿ. ವಾಗ್ಗೇಯಕಾರರ ಹೆಸರು ಅಚ್ಚಾಗದಿದ್ದರೆ ಅಂಕಿತ ದಾರಿ ತೋರಿಸುತ್ತದೆ: ರಂಗವಿಠಲ ಎಂದರೆ ಮುಳಬಾಗಿಲಿನ ಶ್ರೀಪಾದರಾಜರು, ಪುರಂದರವಿಠಲ ಎಂದರೆ ಪುರಂದರದಾಸರು. ಅಮ್ಮನವರ ಕೈಬರಹದ ನೋಟ್‌ಬುಕ್‌ಗಳಿದ್ದರೆ ಪಟ್ಟಿಗಿಂತ ಮುಂಚೆ ಅವುಗಳ ಎಲ್ಲ ಪುಟಗಳ ಫೋಟೋ ತೆಗೆಯಿರಿ. ಅಚ್ಚಾದ ಪುಸ್ತಕ ಇನ್ನೊಂದು ಕಡೆ ಸಿಕ್ಕೀತು, ಅದು ಸಿಗುವುದಿಲ್ಲ. ಅಮ್ಮನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾರ ಪಾಠ, ಎಲ್ಲಿ ಕಲಿತದ್ದು ಎಂದು ಕೇಳಿ ಟಿಪ್ಪಣಿಗೆ ಸೇರಿಸಿ. ಪಾಶ್ಚಾತ್ಯ ಸಂಗೀತದ ಹಾಳೆಗಳಿದ್ದರೆ ಅಚ್ಚಾದ ಸಂಗೀತದ ಗುರುತಿನ ಸಂಖ್ಯೆಯಾದ, 979-0ಯಿಂದ ಶುರುವಾಗುವ ಐಎಸ್‌ಎಂಎನ್ ನೋಡಿ. 2008ಕ್ಕೆ ಮೊದಲು ಅದು ಎಂ ಅಕ್ಷರದಿಂದ ಶುರುವಾಗುತ್ತಿತ್ತು.

ಈಗ ತಾಣಗಳು. ಪುಸ್ತಕಕ್ಕೆ ನನ್ನ ಮತ ಲೈಬ್ರರಿಥಿಂಗ್. 2005ರಿಂದ ಇದೆ, 2020ರಿಂದ ಎಲ್ಲರಿಗೂ ಉಚಿತ, ಕನ್ನಡ ಲಿಪಿ ಒಪ್ಪುತ್ತದೆ, ಪೂರ್ತಿ ಪಟ್ಟಿಯನ್ನು ವಾಪಸ್ ಇಳಿಸಿಕೊಳ್ಳಬಹುದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಕನ್ನಡ ಪುಸ್ತಕಗಳ ದಾಖಲೆ ಸಾಕಷ್ಟಿದೆ, ಆದರೆ ಹೆಚ್ಚಿನವು ರೋಮನ್ ಲಿಪಿಯಲ್ಲಿ. ಅದಕ್ಕೇ ಕನ್ನಡದಲ್ಲಿ ಹುಡುಕಿದರೆ ಏನೂ ಬರುವುದಿಲ್ಲ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹಾಕಿ ನೋಡಿ, ಸಿಕ್ಕ ಮೇಲೆ ಶೀರ್ಷಿಕೆಯನ್ನು ಕನ್ನಡಕ್ಕೆ ತಿದ್ದಿಕೊಳ್ಳಿ. ಸಿಗದವನ್ನು ಕೈಯಾರೆ ತುಂಬಿ. ಕಾಮಿಕ್ಸ್ ಹೋಲಿಸಿ ನೋಡಲು ಗ್ರ್ಯಾಂಡ್ ಕಾಮಿಕ್ಸ್ ಡೇಟಾಬೇಸ್ ಇದೆ. ಅಲ್ಲಿಲ್ಲದ ಸಂಚಿಕೆಯನ್ನು ನೀವೇ ಸೇರಿಸಬಹುದು, ಸಂಪಾದಕರು ನೋಡಿ ಒಪ್ಪುತ್ತಾರೆ. ಕರ್ನಾಟಕ ಸಂಗೀತದ ರಚನೆಗಳಿಗೆ ಮಾತ್ರ ನಿಮ್ಮ ಶೀಟನ್ನೇ ‘ನೋಡಲು ಮಾತ್ರ’ ಲಿಂಕ್ ಮಾಡಿ ಹಂಚುವುದು ಉತ್ತಮ, ರಾಗ-ತಾಳಕ್ಕೆ ಜಾಗ ಇಟ್ಟಿರುವ ಪುಸ್ತಕದ ಆ್ಯಪ್ ನನ್ನ ಕಣ್ಣಿಗೆ ಬಿದ್ದಿಲ್ಲ. ಹಂಚುವ ಪ್ರತಿಯಲ್ಲಿ ಮನೆ ವಿಳಾಸ, ಬೀರುವಿನ ಜಾಗ, ಯಾರಿಗೆ ಓದಲು ಕೊಟ್ಟಿದ್ದೀರಿ ಅನ್ನುವ ಕಾಲಂಗಳು ಇರಬಾರದು.

ಎರಡು ಸಾವಿರಕ್ಕೂ ಒಟ್ಟಿಗೆ ಕೈ ಹಾಕಬೇಡಿ. ಮೂರೂ ಬಗೆಯವು ಸೇರಿ ಐವತ್ತನ್ನು ಪೂರ್ತಿ ಮಾಡಿ, ಮನೆಯವರಿಗೆ ಕೊಟ್ಟು ಹುಡುಕಿಸಿ. ಕಾಲಂ ಸೇರಿಸುವುದೋ ಬಿಡುವುದೋ ಆಗಲೇ ಮುಗಿಸಿಕೊಳ್ಳಿ. ಐನೂರು ದಾಟಿದ ಮೇಲೆ ಕಾಲಂ ಸೇರಿಸಿದರೆ ಎಲ್ಲವನ್ನೂ ಮತ್ತೆ ಬೀರುವಿನಿಂದ ಇಳಿಸಬೇಕಾಗುತ್ತದೆ.

ಫೋಟೋ ತೆಗೆದ ಪುಸ್ತಕಗಳನ್ನು ಪೂರ್ತಿ ಸ್ಕ್ಯಾನ್ ಮಾಡಿ ಜಾಲಕ್ಕೆ ಏರಿಸೋಣ ಅನ್ನಿಸಿದರೆ, ನಮ್ಮ ಕಾನೂನಿನಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ. 1975ರಲ್ಲಿ ತೀರಿಕೊಂಡ ಡಿವಿಜಿಯವರ ಬರಹ ಮುಕ್ತವಾಗುವುದು 2036ರ ಜನವರಿಗೆ, 1986ರಲ್ಲಿ ತೀರಿಕೊಂಡ ಮಾಸ್ತಿಯವರದು 2047ಕ್ಕೆ. ಅನುವಾದಕರು, ಚಿತ್ರ ಬರೆದವರು, ಸ್ವರ ಹಾಕಿದವರು ಬೇರೆಯಿದ್ದರೆ ಅವರವರ ಲೆಕ್ಕ ಬೇರೆ. ಪಟ್ಟಿ ಹಾಕುವುದಕ್ಕೆ ಮಾತ್ರ ಯಾರ ಅನುಮತಿಯೂ ಬೇಕಿಲ್ಲ.