ಜಜ್ಜಿದ ಕಾರಿನ ಮುಂದೆ ಅಗ್ನಿಶಾಮಕ ಸಿಬ್ಬಂದಿ ಕಾಯುವುದೇಕೆ?

ಪ್ರಶ್ನೆ: ಕುಷ್ಟಗಿ ಸಮೀಪ 50ನೇ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ ನನ್ನ ಪಂಕ್ಚರ್ ಅಂಗಡಿ ಇದೆ. ಕೆಲವು ವಾರಗಳ ಹಿಂದೆ ಕಾರೊಂದು ನಿಂತಿದ್ದ ಗ್ರಾನೈಟ್ ಲಾರಿಗೆ ಹಿಂದಿನಿಂದ ಗುದ್ದಿ, ಚಾಲಕರ ಕಾಲುಗಳು ಡ್ಯಾಶ್‌ಬೋರ್ಡ್ ಕೆಳಗೆ ಸಿಕ್ಕಿಕೊಂಡವು. ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಸ್ಟೇರಿಂಗ್ ಎಳೆಯಲು ನಾವು ಸಿದ್ಧರಾಗಿದ್ದಾಗ ಬಂದ ಅಗ್ನಿಶಾಮಕ ಸಿಬ್ಬಂದಿ ನಮ್ಮನ್ನು ತಡೆದರು. ಬ್ಯಾಟರಿ ಬಿಚ್ಚಿದರು, ಆಮೇಲೂ ಸ್ವಲ್ಪ ಹೊತ್ತು ಕಾದರು, ಒಳಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಕಿತ್ತು ನೋಡಿದರು. ಜನ ಕೂಗಾಡಿದರು. ಚಾಲಕರು ಬದುಕಿದರು, ಆದರೆ ಅಷ್ಟು ತಡ ಬೇಕಿತ್ತೇ? ಇಂತಹ ಕಾರುಗಳನ್ನು ನನ್ನ ಅಂಗಡಿಯ ಪಕ್ಕದ ಖಾಲಿ ಜಾಗದಲ್ಲಿ ತಂದು ನಿಲ್ಲಿಸುತ್ತಾರೆ, ಅದರಿಂದ ಅಪಾಯವಿದೆಯೇ?

ಉತ್ತರ: ತಾವು ತಡವೆಂದು ಕಂಡದ್ದು ರಕ್ಷಣಾ ಕಾರ್ಯದ ಬಹುಮುಖ್ಯ ಭಾಗ. ಆ ಸಿಬ್ಬಂದಿ ಸರಿಯಾದ ಕೆಲಸವನ್ನು ಸರಿಯಾದ ಕ್ರಮದಲ್ಲಿ ಮಾಡಿದ್ದಾರೆ.

ನಾನು ಅಗ್ನಿಶಾಮಕ ಸೇವೆಗೆ ಸೇರಿದ ಕಾಲದಲ್ಲಿ ಜಜ್ಜಿದ ಕಾರಿನಲ್ಲಿ ನಮಗಿದ್ದ ಭಯಗಳು ಮೂರು: ಸೋರುವ ಪೆಟ್ರೋಲ್, ಒಡೆದ ಗಾಜು, ಹರಿದ ತಗಡಿನ ಅಂಚು. ಈಗಿನ ಕಾರಿನಲ್ಲಿ ಅವುಗಳ ಜೊತೆಗೆ ಕಣ್ಣಿಗೆ ಕಾಣದ ಅಪಾಯಗಳೂ ಸೇರಿವೆ. ಚಾಲಕರ ಏರ್‌ಬ್ಯಾಗ್ ನಮ್ಮ ದೇಶದಲ್ಲಿ 2019ರ ಜುಲೈಯಿಂದ ಕಡ್ಡಾಯವಾಯಿತು. ಮುಂದಿನ ಸೀಟಿನ ಪ್ರಯಾಣಿಕರ ಏರ್‌ಬ್ಯಾಗ್ ನಿಯಮ 2021ರಲ್ಲಿ ಬಂತು. ಈಗ ಅನೇಕ ಕಾರುಗಳಲ್ಲಿ ಸೀಟಿನ ಪಕ್ಕದಲ್ಲಿಯೂ ಛಾವಣಿಯ ಅಂಚಿನಲ್ಲಿಯೂ ಏರ್‌ಬ್ಯಾಗ್‌ಗಳಿವೆ. ಮುಂದಿನಿಂದ ಗುದ್ದಿದಾಗ ಮುಂದಿನವು ಮಾತ್ರ ಅರಳಿ, ಪಕ್ಕದವು ಅರಳದೆ ಉಳಿಯಬಹುದು. ಹಾಗೆ ಉಳಿದದ್ದು ರಕ್ಷಣೆಯ ನಡುವೆ ಸಿಡಿದರೆ, ಗಾಯಾಳುವಿನ ಕಡೆಗೆ ಬಾಗಿ ಕೆಲಸ ಮಾಡುತ್ತಿರುವ ಸಿಬ್ಬಂದಿಯ ಮುಖಕ್ಕೋ ಕುತ್ತಿಗೆಗೋ ಬಡಿಯುತ್ತದೆ. ಅವರ ಕೈಯಲ್ಲಿರುವ ಸಲಕರಣೆ ಗಾಯಾಳುವಿಗೇ ತಗಲಬಹುದು.

ಬ್ಯಾಟರಿ ಬಿಚ್ಚಿದ್ದು ಇದಕ್ಕಾಗಿ. ಆದರೆ ಬಿಚ್ಚಿದ ಕ್ಷಣಕ್ಕೇ ಎಲ್ಲವೂ ನಿಷ್ಕ್ರಿಯವಾಗುವುದಿಲ್ಲ: ಅಪಘಾತದಲ್ಲಿ ಬ್ಯಾಟರಿ ನಾಶವಾದರೂ ಏರ್‌ಬ್ಯಾಗ್ ಕೆಲಸ ಮಾಡಲೆಂದು ಅದರ ನಿಯಂತ್ರಣ ಪೆಟ್ಟಿಗೆಯಲ್ಲಿ ಕೆಪಾಸಿಟರ್ ಇರುತ್ತದೆ, ಅದರಲ್ಲಿ ತುಂಬಿದ ವಿದ್ಯುತ್ ಇಳಿಯಲು ಸಮಯ ಬೇಕು, ಆ ಸಮಯ ಒಂದು ಮಾದರಿಯಿಂದ ಇನ್ನೊಂದಕ್ಕೆ ಬೇರೆಯಾಗಿರುತ್ತದೆ. ಸಿಬ್ಬಂದಿ ಕಾದದ್ದು ಅದಕ್ಕೆ. ಬಿಚ್ಚುವಾಗಲೂ ಮೊದಲು ಋಣ ತಂತಿ, ಆಮೇಲೆ ಧನ ತಂತಿ; ಅದಕ್ಕೂ ಮುನ್ನ ವಿದ್ಯುತ್ತಿನಿಂದ ನಡೆಯುವ ಕಿಟಕಿಗಳನ್ನು ಇಳಿಸಿ, ಬಾಗಿಲುಗಳ ಲಾಕ್ ತೆಗೆದು, ಸಾಧ್ಯವಿದ್ದರೆ ಸೀಟನ್ನು ಹಿಂದಕ್ಕೆ ಸರಿಸಿಕೊಳ್ಳಬೇಕು, ಏಕೆಂದರೆ ಆಮೇಲೆ ಅವು ಅಲುಗಾಡುವುದಿಲ್ಲ.

ಪ್ಲಾಸ್ಟಿಕ್ ಹೊದಿಕೆಯನ್ನು ಕಿತ್ತು ನೋಡಿದ್ದು ಇನ್ನೂ ಮುಖ್ಯ. ಛಾವಣಿಯ ಅಂಚಿನ ಏರ್‌ಬ್ಯಾಗ್‌ಗೆ ಗಾಳಿ ತುಂಬುವ, ಅತಿ ಒತ್ತಡದ ಅನಿಲವಿರುವ ಕೊಳವೆ ಕಾರಿನ ಕಂಬದಲ್ಲೋ ಛಾವಣಿಯ ಅಂಚಿನಲ್ಲೋ ಹುದುಗಿರುತ್ತದೆ. ಬ್ಯಾಟರಿ ಬಿಚ್ಚಿದ್ದರೂ ಅದರೊಳಗಿನ ಒತ್ತಡ ಹಾಗೆಯೇ ಇರುತ್ತದೆ. ಸುಮಾರು 700 ಬಾರ್ ಒತ್ತಡದಲ್ಲಿ ಕೆಲಸ ಮಾಡುವ ಹೈಡ್ರಾಲಿಕ್ ಕಟ್ಟರ್‌ನ ಬಾಯಿಗೆ ಆ ಕೊಳವೆ ಸಿಕ್ಕರೆ ಅದರ ಚೂರುಗಳು ಗುಂಡಿನಂತೆ ಹಾರುತ್ತವೆ. ಹೊದಿಕೆ ತೆಗೆಯದೆ ಕತ್ತರಿಸಬಾರದೆಂಬ ಈ ಒಂದು ನಿಯಮವನ್ನು ನಾನು ಹೊಸಬರಿಗೆ ಪದೇ ಪದೇ ಹೇಳುತ್ತ ಬಂದಿದ್ದೇನೆ. ಹೊಸ ಕಾರುಗಳ ಬಾಗಿಲ ನಡುವಿನ ಕಂಬಕ್ಕೆ ಬಳಸುವ ಬೋರಾನ್ ಉಕ್ಕು ಹಳೆಯ ಕಟ್ಟರ್‌ಗಳಿಗೆ ಬಗ್ಗುವುದಿಲ್ಲ, ಅಲಗೇ ಮುರಿದು ಚಿಮ್ಮಬಹುದು. ಅಲ್ಲಿ ಹಟ ಹಿಡಿಯದೆ ಬೇರೆ ಜಾಗದಲ್ಲಿ ಕತ್ತರಿಸಬೇಕಾಗುತ್ತದೆ.

ಇನ್ನು ಇಂಧನದ ಮಾತು. ತಮ್ಮ ಅಂಗಡಿಯಲ್ಲಿ ಕಾರಿನ ಟೈರಿಗೆ 30ರಿಂದ 35 ಪಿಎಸ್‌ಐ ಗಾಳಿ ತುಂಬುತ್ತೀರಿ. ಸಿಎನ್‌ಜಿ ಸಿಲಿಂಡರಿನಲ್ಲಿ 200 ಬಾರ್, ಎಂದರೆ ಸುಮಾರು 2,900 ಪಿಎಸ್‌ಐ ಒತ್ತಡವಿರುತ್ತದೆ, ಆದ್ದರಿಂದ ಕಾರಿನ ಹಿಂಭಾಗದ ಸಾಮಾನಿನ ಡಿಕ್ಕಿಯ ಕಡೆಯಿಂದ ಸುಯ್ಯೆಂಬ ಸದ್ದು ಬಂದರೆ ದೂರ ಸರಿಯಬೇಕು, ಹತ್ತಿರದಲ್ಲಿ ಬೀಡಿ ಹೊತ್ತಿಸಬಾರದು. ವಿದ್ಯುತ್ ಕಾರಿನಲ್ಲಿ ಎಂಜಿನ್ ಸದ್ದೇ ಇಲ್ಲದ ಕಾರಣ ಅದು ಚಾಲೂ ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಪೆಡಲ್ ಒತ್ತಿಹೋದರೆ ಎದುರಿಗಿದ್ದವರ ಮೇಲೆಯೇ ಚಲಿಸಬಹುದು. ಹೀಗಾಗಿ ಮೊದಲು ಚಕ್ರಗಳಿಗೆ ಅಡ್ಡ ತುಂಡು ಕೊಡುತ್ತಾರೆ, ಸ್ಮಾರ್ಟ್ ಕೀಲಿಯನ್ನು ಕಾರಿನಿಂದ ದೂರ ಇಡುತ್ತಾರೆ. ಅದರಲ್ಲಿನ ಕಿತ್ತಳೆ ಬಣ್ಣದ ತಂತಿಗಳಲ್ಲಿ 400 ವೋಲ್ಟ್‌ವರೆಗೆ, ಕೆಲವು ಮಾದರಿಗಳಲ್ಲಿ 800 ವೋಲ್ಟ್‌ವರೆಗೆ ವಿದ್ಯುತ್ ಇರಬಹುದು. ಅವುಗಳನ್ನು ಮುಟ್ಟುವಂತೆಯೂ ಇಲ್ಲ, ಕತ್ತರಿಸುವಂತೆಯೂ ಇಲ್ಲ.

ಟ್ರ್ಯಾಕ್ಟರಿನ ವಿಷಯ ಹೇಳಲೇಬೇಕು. ತಮ್ಮೂರಿನವರ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಆದರೆ ಸರಪಳಿಯಿಂದ ಎಳೆದಾಗ ಕಾರೇ ಜಗ್ಗಿ, ಸಿಕ್ಕಿಕೊಂಡವರ ಬೆನ್ನುಮೂಳೆಗೆ ಪೆಟ್ಟಾಗುತ್ತದೆ. ಸರಪಳಿ ತುಂಡಾದರೆ ಸುತ್ತ ನಿಂತವರಿಗೆ ಹೊಡೆಯುತ್ತದೆ. ಅದಕ್ಕಿಂತ 112ಕ್ಕೆ ಕರೆ ಮಾಡಿ, ವಾಹನದ ಹಿಂದೆ ಸಿಎನ್‌ಜಿ ಎಂಬ ಬರಹವಿದೆಯೇ, ವಿದ್ಯುತ್ ವಾಹನದ ಹಸಿರು ನಂಬರ್ ಪ್ಲೇಟ್ ಇದೆಯೇ ಎಂದು ತಿಳಿಸಿದರೆ, ಮತ್ತು ಹಿಂದಿನಿಂದ ಬರುವ ಲಾರಿಗಳಿಗೆ ಸಾಕಷ್ಟು ದೂರದಲ್ಲೇ, ರಸ್ತೆಯ ಬದಿಯಲ್ಲಿ ನಿಂತು ಎಚ್ಚರಿಕೆ ಕೊಟ್ಟರೆ ದೊಡ್ಡ ಉಪಕಾರವಾಗುತ್ತದೆ. ಹೆದ್ದಾರಿಯಲ್ಲಿ ಬಗ್ಗಿ ಕೆಲಸ ಮಾಡುವವನಿಗೆ ಹಿಂದಿನಿಂದ ಬರುವ ವಾಹನವೂ ಜಜ್ಜಿದ ಕಾರಿನಷ್ಟೇ ಅಪಾಯಕಾರಿ.

ತಮ್ಮ ಖಾಲಿ ಜಾಗದ ಪ್ರಶ್ನೆಗೆ ಬರುತ್ತೇನೆ. ಪೆಟ್ರೋಲ್ ಅಥವಾ ಡೀಸೆಲ್ ಕಾರಾದರೆ ಸೋರಿಕೆ ಇಲ್ಲವೆಂದು ಖಚಿತಪಡಿಸಿಕೊಂಡು, ಬ್ಯಾಟರಿ ಬಿಚ್ಚಿಸಿ ಇರಿಸಿಕೊಳ್ಳಬಹುದು. ವಿದ್ಯುತ್ ಕಾರಿನ ಬ್ಯಾಟರಿಗೆ ಪೆಟ್ಟಾಗಿದ್ದರೆ, ಬೆಂಕಿ ಆರಿತೆಂದುಕೊಂಡ ಮೇಲೂ, ಗಂಟೆಗಳ ಅಥವಾ ದಿನಗಳ ನಂತರ ತಾನಾಗಿ ಹೊತ್ತಿಕೊಳ್ಳಬಹುದು, ಅದರ ಹೊಗೆಯಲ್ಲಿ ವಿಷಾನಿಲವೂ ಇರುತ್ತದೆ. ಅಂತಹ ಕಾರಿನ ಸುತ್ತ ಎಲ್ಲ ಕಡೆಯೂ ಕನಿಷ್ಠ 50 ಅಡಿ ಬಯಲಿರಬೇಕು. ತಮ್ಮ ಹಳೆಯ ಟೈರುಗಳ ರಾಶಿ ಆ 50 ಅಡಿಯೊಳಗೆ ಬರುವುದಾದರೆ, ಕಾರನ್ನು ತಂದ ಕ್ರೇನಿನವರಿಗೆ ಅಲ್ಲಿ ಇಳಿಸಲು ಬಿಡಬೇಡಿ.