ನಂಬರ್ ಹೇಳಿದ್ದನ್ನು ಲೋಹವೂ ಹೇಳಬೇಕು

ಹಳೆಯ ಬಂದೂಕು, ಪಿಸ್ತೂಲು ಸಂಗ್ರಹಿಸುವವರ ಪತ್ರಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಿದೆ. ಅದಕ್ಕೆ ಈ ಸಲ ವಿವರವಾಗಿಯೇ ಉತ್ತರಿಸುತ್ತೇನೆ. ಉಳಿದವಕ್ಕೆ ಕೆಲವು ಸಾಲು ಸಾಕು.

ಪ್ರಶ್ನೆ: ಟೆಕ್ಸಾಸ್‌ನಲ್ಲಿದ್ದೇನೆ, ಅಮೆರಿಕದ ಪ್ರಜೆ. ಸೀರಿಯಲ್ ನಂಬರ್ 1,800ರ ಆಸುಪಾಸಿನ ಕೋಲ್ಟ್ 1911 ಪಿಸ್ತೂಲು ಮಾರಾಟಕ್ಕಿದೆ. ಕಂಪನಿಯ ಪತ್ರವೂ ಇದೆ, ಮೈ ಕನ್ನಡಿಯಂತೆ ಹೊಳೆಯುತ್ತದೆ. ಅಸಲಿ ಎಂದು ನಂಬಬಹುದೇ?

ಪತ್ರ ನೋಡಿ ನಂಬಬೇಡಿ. ಆ ನಂಬರಿನ ಪಿಸ್ತೂಲು ಕಾರ್ಖಾನೆಯಿಂದ ಯಾವತ್ತು, ಯಾರಿಗೆ, ಎಷ್ಟರ ಜೊತೆ ರವಾನೆಯಾಯಿತು ಎಂಬುದಷ್ಟೇ ಕೋಲ್ಟ್ ದಾಖಲೆ ವಿಭಾಗದ ಪತ್ರದಲ್ಲಿ ಇರುತ್ತದೆ. ನಿಮ್ಮ ಮುಂದಿರುವುದು ಅದೇ ಪಿಸ್ತೂಲು ಎಂದಾಗಲಿ, ಅದರ ಭಾಗಗಳು ಅಂದಿನವೇ ಎಂದಾಗಲಿ ಅದು ಹೇಳುವುದಿಲ್ಲ. ಪತ್ರ ಹಿಂಬಾಲಿಸುವುದು ನಂಬರನ್ನು. ಖೋಟಾ ಮಾಡುವವನಿಗೆ ಅತಿ ಸುಲಭದ ಕೆಲಸವೂ ನಂಬರ್ ಹೊಡೆಯುವುದೇ.

ಈ ಮಾದರಿಯಲ್ಲಿ ಇನ್ನೊಂದು ತೊಡಕಿದೆ. ಅಮೆರಿಕದ ಸೇನೆ ಇದನ್ನು ಒಪ್ಪಿಕೊಂಡದ್ದು 1911ರ ಮಾರ್ಚ್ 29ರಂದು. ತಯಾರಿಕೆಯ ನಂಬರುಗಳು ಶುರುವಾದದ್ದು 1912ರಲ್ಲಿ, ಆ ವರ್ಷದ ಕೊನೆಗೆ ಅವು 17,250ರ ಹತ್ತಿರ ತಲುಪಿದ್ದವು. ಈ ಕಾಲದ ಸೇನಾ ಪಿಸ್ತೂಲುಗಳಲ್ಲಿ ನಂಬರ್ ಇರುವುದು ಫ್ರೇಮಿನ (ಹಿಡಿ, ಟ್ರಿಗರ್ ಇರುವ ಕೆಳಗಿನ ಚೌಕಟ್ಟು) ಬಲಬದಿಯಲ್ಲಿ ಮಾತ್ರ. ಅದರ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡಿಗೂ ಒಳಗಿನ ಬ್ಯಾರೆಲಿಗೂ (ನಳಿಗೆ) ನಂಬರಿಲ್ಲ. ಆದ್ದರಿಂದ ‘ಎಲ್ಲ ನಂಬರ್ ತಾಳೆಯಾಗುತ್ತವೆ’ ಎನ್ನುವ ಮಾರಾಟಗಾರನಿಗೆ ಪಿಸ್ತೂಲಿನ ಗಂಧವೇ ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಿಲ್ಲವೆಂದು ಅವನಿಗೆ ಗೊತ್ತಿದೆ. ತಾಳೆ ನೋಡಬೇಕಾದದ್ದು ಭಾಗಗಳ ಲಕ್ಷಣವನ್ನು.

ಮೊದಲು ಫ್ರೇಮ್ ನೋಡಿ. ಟ್ರಿಗರಿನ ಹಿಂದೆ ಎರಡೂ ಬದಿ ಅರ್ಧಚಂದ್ರಾಕಾರದ ತಗ್ಗು ಇದ್ದರೆ ಅಲ್ಲಿಗೆ ಕೆಳಗಿಟ್ಟುಬಿಡಿ. ಆ ತಗ್ಗು ಬಂದದ್ದು 1924ರ ಸುಧಾರಣೆಗಳೊಂದಿಗೆ. 1912ರ ನಂಬರಿನ ಫ್ರೇಮಿನಲ್ಲಿ ಅದು ಇರಲು ಸಾಧ್ಯವೇ ಇಲ್ಲ.

ನಂತರ ಸ್ಲೈಡಿನ ಎಡಬದಿಯ ಪೇಟೆಂಟ್ ದಿನಾಂಕಗಳನ್ನು ಓದಿ. ಆರಂಭದ ಸ್ಲೈಡಿನಲ್ಲಿ ಕೊನೆಯ ದಿನಾಂಕ 1911ರ ಫೆಬ್ರುವರಿ 14. 1913ರ ಆಗಸ್ಟ್ 19 ಎಂದೂ ಇದ್ದರೆ ಅದು ಆಮೇಲಿನ ಸ್ಲೈಡ್. ನಿಮ್ಮ ನಂಬರಿಗೆ ಅದು ಸಲ್ಲದು. ಇದೊಂದು ಸಾಲನ್ನು ಓದದೆ ದುಡ್ಡು ಕೊಟ್ಟು ಆಮೇಲೆ ಫೋಟೊ ಕಳಿಸುವವರನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ. ಸ್ಲೈಡಿನ ಹಿಂಭಾಗದಲ್ಲಿರುವ ಕೋಲ್ಟ್ ಕಂಪನಿಯ ಕುದುರೆ ಮುದ್ರೆ ವೃತ್ತದೊಳಗೆ ಇರಬೇಕು. ವೃತ್ತ ಸುಮಾರು 20,000ನೇ ನಂಬರಿನವರೆಗೆ ಇತ್ತು. ಮ್ಯಾಗಜೀನ್ ಕ್ಯಾಚಿನ (ತೋಟಾಗಳ ಪೆಟ್ಟಿಗೆಯನ್ನು ಹಿಡಿದಿಡುವ ಕೊಂಡಿ) ಗುಂಡಿಯ ನಡುವೆ ಸಣ್ಣ ಕುಳಿ ಇರಬೇಕು. ಅದು ಸುಮಾರು 3,190ರ ಹೊತ್ತಿಗೆ ನಿಂತಿತು. ಫ್ರೇಮಿನ ಎಡಬದಿಯಲ್ಲಿ ವೃತ್ತದೊಳಗೆ ‘ಡಬ್ಲ್ಯು.ಜಿ.ಪಿ.’ ಎಂಬ ಅಕ್ಷರಗಳು ಬೇಕು. ಅದು ಸೇನಾ ಪರೀಕ್ಷಕ ವಾಲ್ಟರ್ ಜಿ. ಪೆನ್‌ಫೀಲ್ಡ್ ಅವರ ಮುದ್ರೆ.

ಇನ್ನು ಹೊಳಪು. ಸುಮಾರು 2,400ನೇ ನಂಬರಿನವರೆಗೆ ಕೋಲ್ಟ್ ನಿಜಕ್ಕೂ ಕನ್ನಡಿಯಂಥ ಪಾಲಿಶ್ ಕೊಟ್ಟಿತ್ತು. ಪಿನ್, ಟ್ರಿಗರಿನಂಥ ಸಣ್ಣ ಭಾಗಗಳು ಕಾಸಿದ ಉಕ್ಕಿನ ನವಿಲುನೀಲಿಯಲ್ಲಿದ್ದವು. ನಿಮ್ಮ ಪಿಸ್ತೂಲು ಹೊಳೆಯುವುದು ಆ ಲೆಕ್ಕಕ್ಕೆ ಸರಿ. ಅಪಾಯವೂ ಅಲ್ಲೇ ಇದೆ, ಏಕೆಂದರೆ ಮರುಪಾಲಿಶ್ ಮಾಡಿದವನಿಗೂ ಅದೇ ಹೊಳಪು ಬೇಕು. ಬೆಳಕನ್ನು ಓರೆಯಾಗಿ ಬಿಟ್ಟು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಲ್ಲಿ ನೋಡಿ. ಅಚ್ಚು ಒತ್ತಿದಾಗ ಲೋಹ ಪಕ್ಕಕ್ಕೆ ಸರಿದು ಅಕ್ಷರದ ಅಂಚು ಕೂದಲೆಳೆಯಷ್ಟು ಉಬ್ಬುತ್ತದೆ. ಪಾಲಿಶ್ ಚಕ್ರ ಮೊದಲು ತಿನ್ನುವುದು ಅದನ್ನೇ. ಪಿನ್ನಿನ ರಂಧ್ರಗಳ ಬಾಯಿ ತಟ್ಟೆಯಂತೆ ತಗ್ಗಿದ್ದರೆ, ಸ್ಲೈಡಿನ ಸಮತಟ್ಟಾದ ಬದಿಯಲ್ಲಿ ಪ್ರತಿಬಿಂಬ ಅಲೆಯಾಡಿದರೆ, ಅಂಚುಗಳು ದುಂಡಗಾಗಿದ್ದರೆ, ಅದು ಮರುಪಾಲಿಶ್ ಆದದ್ದು. ಮಾಸಿದ ಜಾಗಕ್ಕೆ ತಣ್ಣನೆಯ ಬ್ಲೂಯಿಂಗ್ (ಉಕ್ಕಿನ ಮೈಗೆ ಕೊಡುವ ನೀಲಿಗಪ್ಪು ಬಣ್ಣ) ದ್ರಾವಣ ಹಚ್ಚಿದ ಅನುಮಾನವಿದ್ದರೆ, ಬೆರಳಿನಿಂದ ಉಜ್ಜಿ ಬಿಸಿಮಾಡಿ ಮೂಸಿ ನೋಡಿ. ಕಟುವಾದ ವಾಸನೆ ಬರುತ್ತದೆ.

ನಂಬರಿನ ಸುತ್ತಲಿನ ಲೋಹವನ್ನು ಕೊನೆಗೆ ನೋಡಿ, ಹೆಚ್ಚು ಹೊತ್ತು ನೋಡಿ. ಅಲ್ಲಿ ಮಾತ್ರ ಮೇಲ್ಮೈ ತುಸು ತಗ್ಗಾಗಿದೆಯೇ? ಅಂಕಿಗಳ ಆಳ ಒಂದೊಂದು ಒಂದೊಂದು ರೀತಿಯೇ? ನಂಬರ್ ಚೂಪಾಗಿದ್ದು ಪಕ್ಕದ ಮುದ್ರೆಗಳು ಸವೆದಿವೆಯೇ? ಒಂದೇ ಕೈಯಲ್ಲಿ, ಒಂದೇ ಚರ್ಮದ ಚೀಲದಲ್ಲಿ ಸವೆದ ಪಿಸ್ತೂಲಿನಲ್ಲಿ ಸವೆತ ಎಲ್ಲ ಕಡೆ ಒಂದೇ ಕಥೆ ಹೇಳುತ್ತದೆ.

ಭಾಗ ಬದಲಾದದ್ದೆಲ್ಲ ಮೋಸವಲ್ಲ. ಸೇನೆಯ ಶಸ್ತ್ರಾಗಾರಗಳು ಸಾವಿರಾರು ಪಿಸ್ತೂಲುಗಳನ್ನು ಬಿಚ್ಚಿ, ಭಾಗಗಳನ್ನು ಕಲೆಸಿ, ಬೂದುಬಣ್ಣದ ಪಾರ್ಕರೈಸಿಂಗ್ (ತುಕ್ಕು ತಡೆಯುವ ರಾಸಾಯನಿಕ ಲೇಪ) ಕೊಟ್ಟು ಮರುಜೋಡಿಸಿದವು. ಅದು ಆ ಪಿಸ್ತೂಲಿನ ಸೇವಾ ಚರಿತ್ರೆ; ಹಾಗೆಂದೇ ಹೇಳಿ, ಆ ಬೆಲೆಗೇ ಮಾರಲಿ. ಅಂಥದ್ದನ್ನು ಕೆರೆದು ಹೊಳಪು ಕೊಟ್ಟು ‘1912ರ ಮೂಲ ಸ್ಥಿತಿ’ ಎಂದು ಮಾರುವುದು ವಂಚನೆ. ಚರಿತ್ರೆಯನ್ನು ಅಳಿಸುವುದೂ ಹೌದು, ಅದು ಮತ್ತೆ ಬರುವುದಿಲ್ಲ.

ಬಿಚ್ಚಿ ತೋರಿಸಲು ಒಪ್ಪದ ಮಾರಾಟಗಾರನ ಹತ್ತಿರ ಮಾತು ಮುಂದುವರಿಸಬೇಡಿ. ಮೂರು ದಿನ ಪರಿಶೀಲಿಸಿ ಹಿಂದಿರುಗಿಸುವ ಹಕ್ಕು ಬರಹದಲ್ಲಿರಲಿ.

ಪ್ರಶ್ನೆ: ನಂಬರೇ ಇಲ್ಲದ ಪಿಸ್ತೂಲು ಸಿಕ್ಕಿದೆ. ಪ್ರೋಟೋಟೈಪ್ (ತಯಾರಿಕೆಗೆ ಮೊದಲಿನ ಪ್ರಯೋಗ ಮಾದರಿ) ಇರಬಹುದೇ?

ನಂಬರ್ ಇಲ್ಲದಿರುವುದು ಯಾವುದಕ್ಕೂ ಸಾಕ್ಷಿಯಲ್ಲ. ಉಜ್ಜಿ ಅಳಿಸಿದ ನಂಬರಾಗಿದ್ದರೆ ಅದನ್ನು ಇಟ್ಟುಕೊಳ್ಳುವುದೇ ಅಮೆರಿಕದ ಫೆಡರಲ್ ಅಪರಾಧ; ಮುಟ್ಟದೆ ವಕೀಲರ ಬಳಿ ಹೋಗಿ. ನಿಜವಾದ ಪ್ರೋಟೋಟೈಪಿಗೆ ಹಿಂದೆ ಕಾಗದವಿರುತ್ತದೆ: ಪೇಟೆಂಟ್ ಚಿತ್ರ, ಸೇನೆಯ ಪರೀಕ್ಷಾ ವರದಿ, ಕಾರ್ಖಾನೆಯ ನಕ್ಷೆ. ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿ ಸೇನಾ ಶಸ್ತ್ರಾಸ್ತ್ರ ಮುಖ್ಯಸ್ಥರ ಕಚೇರಿಯ ಕಡತಗಳು 156ನೇ ಸಂಗ್ರಹದಲ್ಲಿವೆ. ಹೋಲಿಸಿ ನೋಡಲು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಆರ್ಮರಿ, ಹಾರ್ಟ್‌ಫರ್ಡ್‌ನ ಕನೆಕ್ಟಿಕಟ್ ಇತಿಹಾಸ ಸಂಗ್ರಹಾಲಯ, ವಯೋಮಿಂಗ್‌ನ ಕೋಡಿ ಫೈರ್‌ಆರ್ಮ್ಸ್ ಮ್ಯೂಸಿಯಂ ಇವೆ. ಯಾವ ದಾಖಲೆಗೂ ಸೇರದ ‘ಪ್ರೋಟೋಟೈಪ್’ ಯಾರೋ ಮನೆಯ ಹಿತ್ತಲಲ್ಲಿ ಅರ ಹಿಡಿದು ಮಾಡಿದ್ದು ಎಂದೇ ಮೊದಲು ಎಣಿಸಿ.

ಪ್ರಶ್ನೆ: ಸ್ಮಿತ್ ಆಂಡ್ ವೆಸನ್ ರಿವಾಲ್ವರಿನ ಸಿಲಿಂಡರ್ ತೆರೆದರೆ ಒಳಗೆ ಮೂರಂಕಿಯ ನಂಬರ್. ಮೊದಲ ಸಾವಿರದ್ದೇ?

ಅಲ್ಲ. ಅದು ಕಾರ್ಖಾನೆಯಲ್ಲಿ ಭಾಗಗಳನ್ನು ಕೂಡಿಸುವಾಗ ಹಾಕಿದ ಜೋಡಣೆ ಸಂಖ್ಯೆ. ಸೀರಿಯಲ್ ನಂಬರಿಗೆ ಹಿಡಿಯ ಬುಡ ನೋಡಿ.

ಪ್ರಶ್ನೆ: ಸಿಂಗರ್ ಕಂಪನಿಯ 1911ಎ1 (1911ರ ಸುಧಾರಿತ ಮಾದರಿ), ನಂಬರಿನ ಮುಂದೆ ‘ಎಸ್’ ಅಕ್ಷರವಿಲ್ಲ. ತಗೊಳ್ಳಲೇ?

ಬೇಡ. ಆ ಹೊಲಿಗೆ ಯಂತ್ರದ ಕಂಪನಿ ಮಾಡಿದ್ದು 500 ಮಾತ್ರ, ಎಸ್800001ರಿಂದ ಎಸ್800500ರವರೆಗೆ.

ಪ್ರಶ್ನೆ: ತುಕ್ಕಿಗೆ ಹುಣಸೆಹಣ್ಣು, ನಿಂಬೆರಸ ಹಚ್ಚಿದರೆ ಹೋಗುತ್ತದಂತೆ?

ಹೋಗುತ್ತದೆ. ಜೊತೆಗೆ ಬ್ಲೂಯಿಂಗೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಮೆತ್ತನೆ ಬಟ್ಟೆಯಲ್ಲಿ ತೆಳು ಎಣ್ಣೆ ಒರೆಸಿ, ಎರಡು ದಿನ ಬಿಟ್ಟು ಮತ್ತೆ ಒರೆಸಿ. ಆಮೇಲೆ ಮೈಕ್ರೋಕ್ರಿಸ್ಟಲೈನ್ ಮೇಣದ ತೆಳು ಪದರ. ತೇವಾಂಶ ಶೇ 45–50ರಲ್ಲಿರಲಿ. ಚರ್ಮದ ಚೀಲದಲ್ಲಿ ಇಡಲೇಬೇಡಿ. ಹದಮಾಡಿದ ಚರ್ಮದ ಆಮ್ಲ, ಲವಣ ಲೋಹಕ್ಕೆ ಇಳಿಯುತ್ತವೆ.

ಪ್ರಶ್ನೆ: ಎಚ್‌-1ಬಿ ವೀಸಾದಲ್ಲಿದ್ದೇನೆ. ಅಂಗಡಿಯವರು ಕೊಡುತ್ತೇವೆ ಎನ್ನುತ್ತಾರೆ.

ಅಂಗಡಿಯವರ ಮಾತು ನಿಮ್ಮನ್ನು ಕಾಪಾಡುವುದಿಲ್ಲ. ವಲಸೆಯೇತರ ವೀಸಾದವರು ಬಂದೂಕು ಹೊಂದುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳಿವೆ. ಅವನ್ನು ವಕೀಲರಿಲ್ಲದೆ ನೀವೇ ಅರ್ಥೈಸಿಕೊಂಡು ವೀಸಾ ಕಳೆದುಕೊಳ್ಳಬೇಡಿ. 1898 ಅಥವಾ ಅದಕ್ಕೂ ಮೊದಲು ತಯಾರಾದದ್ದು ಆ ಕಾನೂನಿನಲ್ಲಿ ‘ಆ್ಯಂಟಿಕ್’. 1912ರ ಕೋಲ್ಟ್ ಅದಲ್ಲ. ರಾಜ್ಯದ ಕಾನೂನು ಬೇರೆಯೇ ಇರುತ್ತದೆ.

ಪ್ರಶ್ನೆ: ಮಡಿಕೇರಿಯ ಮನೆಯಲ್ಲಿ ಅಜ್ಜನ ಇಂಗ್ಲಿಷ್ ತೋಟಾ ಕೋವಿ ಇದೆ. ನಳಿಗೆ ಮೇಲೆ 7 ಎಂದಿದೆ. ಏಳನೆಯದೇ? ವಿದೇಶಕ್ಕೆ ಒಯ್ಯಬಹುದೇ?

ಬಿಡಿ ಅಂಕಿಯಿಂದ ಏನನ್ನೂ ತೀರ್ಮಾನಿಸಬೇಡಿ. ಇಂಗ್ಲಿಷ್ ಕೋವಿಗಳಲ್ಲಿ ತಯಾರಕರ ನಂಬರ್ ಸಾಮಾನ್ಯವಾಗಿ ಟ್ರಿಗರ್ ಗಾರ್ಡಿನ ಬಾಲದಲ್ಲಿರುತ್ತದೆ. ನಳಿಗೆಯ ಅಡಿಯಲ್ಲಿ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪರೀಕ್ಷಾ ಮುದ್ರೆ ಹುಡುಕಿ. ನೂರು ವರ್ಷ ದಾಟಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರಬಹುದು. ಪುರಾತನ ವಸ್ತುವನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಂ ಹಳೆಯ ಆಯುಧಕ್ಕೆ ರಿಯಾಯಿತಿ ಕೊಡುವುದು ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದಿದ್ದರೆ ಮಾತ್ರ. ಆ ರಿಯಾಯಿತಿಗೆಂದು ನಳಿಗೆಗೆ ತೂತು ಕೊರೆಯುವ ಸಲಹೆ ಕೊಡುವವರನ್ನು ಮನೆಯ ಹತ್ತಿರಕ್ಕೂ ಸೇರಿಸಬೇಡಿ. ಅಜ್ಜನ ವಿನಾಯಿತಿ ಪತ್ರವಾಗಲಿ (ಪರವಾನಗಿಯಿಲ್ಲದೆ ಕೋವಿ ಹೊಂದಲು ಕೊಡವರಿಗೆ ಕೊಡುವುದು) ಪರವಾನಗಿಯಾಗಲಿ ತಾನಾಗಿ ನಿಮ್ಮದಾಗುವುದಿಲ್ಲ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಹೆಸರು ಬದಲಾಗುವವರೆಗೆ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ವ್ಯಾಪಾರಿಯಲ್ಲಿ ಠೇವಣಿ ಇಟ್ಟು, ರಸೀದಿಯಲ್ಲಿ ನಂಬರನ್ನೂ ಮುದ್ರೆಗಳನ್ನೂ ಬರೆಸಿಕೊಳ್ಳಿ.