ಆಶಾ ಅಕ್ಕನ ಮೊಬೈಲು, ನಿಮ್ಮ ಒಟಿಪಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ ಈಗ ಮೂರು ತಿಂಗಳು. ಸಿಂಧನೂರಿನ ಕಡೆಯವರು, ಲಗ್ಗೆರೆಯಲ್ಲಿ ಬಾಡಿಗೆಗೆ ಇದ್ದೇವೆ. ಆಶಾ ಅಕ್ಕ ಬಂದು ಆಧಾರ್, ಫೋನ್ ನಂಬರ್ ತಗೊಂಡರು, ಆಮೇಲೆ ಒಟಿಪಿ ಕೇಳಿದರು. ಫೋನ್ ಇರುವುದು ನಮ್ಮ ಮನೆಯವರ ಹತ್ತಿರ. ಅವರು ಕೊಡಲ್ಲ ಅಂತ ಬೈದರು. ಹೆರಿಗೆಗೆ ತವರಿಗೆ ಹೋಗುವವಳು ನಾನು, ಇಲ್ಲಿ ಹೆಸರು ಬರೆಸಲೇಬೇಕಾ?
– ಓದುಗರು, ಲಗ್ಗೆರೆ

ಉತ್ತರ: ಬರೆಸಿ, ತಂಗಿ. ತಡ ಮಾಡಬೇಡಿ. ಮೊದಲ ತಪಾಸಣೆ 12 ವಾರದೊಳಗೆ ಆಗಬೇಕು, ನಿಮಗೆ ಈಗಲೇ ಹತ್ತಿರ ಬಂದಿದೆ.

ನಿಮ್ಮ ಯಜಮಾನರು ಹುಷಾರಾಗಿರುವುದು ಒಳ್ಳೆಯದೇ. ಆದರೆ ಗೊಂದಲ ಎಲ್ಲಿ ಅಂದರೆ, ಗರ್ಭಿಣಿಯ ಸುತ್ತ ಈಗ ಒಂದಲ್ಲ, ಹಲವು ಆ್ಯಪ್‌ಗಳಿವೆ. ಹೆಸರು ಬರೆಸಿದಾಗ, ತಾಯಿ-ಮಗುವಿನ ಆರೋಗ್ಯದ ಲೆಕ್ಕ ಇಡುವ ಸರ್ಕಾರದ ಆರ್‌ಸಿಎಚ್ ಪೋರ್ಟಲ್‌ನಲ್ಲಿ ನಿಮಗೊಂದು ನಂಬರ್ ಬರುತ್ತದೆ, ಅದು ನಿಮ್ಮ ತಪಾಸಣೆಗಳನ್ನು ಬರೆದಿಡುವ ತಾಯಿ ಕಾರ್ಡ್ ಮೇಲೆ ಇರಬೇಕು. ಆರೋಗ್ಯ ದಾಖಲೆಗಳನ್ನು ಒಂದೆಡೆ ಜೋಡಿಸುವ 14 ಅಂಕಿಯ ಆಭಾ ನಂಬರ್ ಬೇರೆ. ಆಧಾರ್ ಮೂಲಕ ಅದನ್ನು ಮಾಡಿಸಿದರೆ ಒಟಿಪಿ ಬರುತ್ತದೆ, ಆದರೆ ಅದು ಕಡ್ಡಾಯವಲ್ಲ. ಪೌಷ್ಟಿಕ ಆಹಾರದ ಲೆಕ್ಕ ಇಡುವ ಅಂಗನವಾಡಿಯ ಪೋಷಣ್ ಟ್ರ್ಯಾಕರ್ ಆ್ಯಪ್ ಮತ್ತೊಂದು, ಅಲ್ಲಿ ಮುಖದ ಫೋಟೊ ಕೂಡ ತೆಗೆಯುತ್ತಾರೆ. ಹಾಗಾಗಿ ‘ಅಕ್ಕಾ, ಇದು ಯಾವುದರ ಒಟಿಪಿ?’ ಅಂತ ನೇರವಾಗಿ ಕೇಳಿ. ಕೇಳಿದರೆ ಅವರಿಗೇನೂ ಬೇಜಾರಾಗಲ್ಲ. ಮೆಸೇಜನ್ನೂ ಪೂರ್ತಿ ಓದಿ.

ಪರಿಚಯದ ಆಶಾ ಎದುರಿಗೆ ಕೂತು ಕೇಳುವುದು ಬೇರೆ, ಯಾರೋ ಫೋನ್ ಮಾಡಿ ‘ಹೆರಿಗೆ ಹಣ ಹಾಕುತ್ತೇವೆ, ನಂಬರ್ ಹೇಳಿ’ ಅನ್ನುವುದು ಬೇರೆ. ಎರಡನೆಯವರಿಗೆ ಏನೂ ಹೇಳಬೇಡಿ. ಹಣ ಬರುವುದಕ್ಕೆ ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ಮೋಸ ಹೋದರೆ ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇನ್ನೊಂದು ಮಾತು. ಮನೆಯವರ ನಂಬರ್ ಮಾತ್ರ ಕೊಟ್ಟರೆ, ಅವರು ಕೆಲಸಕ್ಕೆ ಹೋದಾಗ ನಿಮ್ಮ ರಕ್ತದ ರಿಪೋರ್ಟ್ ಬಗ್ಗೆ ಬಂದ ಕರೆ ಅವರ ಜೇಬಿನಲ್ಲೇ ಹೊಡೆದುಕೊಂಡು ಸುಮ್ಮನಾಗುತ್ತದೆ. ಪಕ್ಕದ ಮನೆಯವರದ್ದೋ, ಓನರ್ ಆಂಟಿಯದ್ದೋ ಒಂದು ನಂಬರನ್ನು, ಅವರನ್ನು ಕೇಳಿ, ಕಾರ್ಡ್ ಮೇಲೆ ಪೆನ್ನಿನಲ್ಲಿ ಬರೆಸಿ. ತವರಿಗೆ ಹೋಗುವಾಗ ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್ ಎಲ್ಲಾ ತಗೊಂಡು ಹೋಗಿ, ಹೋಗುವ ಮುಂಚೆ ಆಶಾಗೂ ಹೇಳಿ. ಅಲ್ಲಿಯ ಆಶಾಗೆ ಅದೇ ಆರ್‌ಸಿಎಚ್ ನಂಬರ್ ತೋರಿಸಿ, ಹೊಸದಾಗಿ ಬರೆಸಬೇಡಿ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಡೈರಿಯಲ್ಲಿ ಬರೆಯಬೇಕು, ಮತ್ತೆ ಫೋನಿನಲ್ಲೂ ಹಾಕಬೇಕು. ಕಟ್ಟಡದ ಕೆಲಸದವರ ಶೆಡ್‌ಗಳಲ್ಲಿ ನೆಟ್‌ವರ್ಕ್ ಇರಲ್ಲ. ಗರ್ಭಿಣಿ ಊರಿಗೆ ಹೋದರೆ ಎಂಟ್ರಿ ಆಗಲ್ಲ, ನಮ್ಮ ಪ್ರೋತ್ಸಾಹಧನವೂ ಬರಲ್ಲ. ಈ ಆ್ಯಪ್‌ಗಳು ಯಾರಿಗೆ ಬೇಕು?
– ಓದುಗರು, ಪೀಣ್ಯ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಆಶಾಗಳು ಹಗಲು ರಾತ್ರಿ ಕೂತಾಗ, ಗೌರವಧನದ ಜೊತೆಗೆ ಪೋರ್ಟಲ್‌ಗೂ ದುಡ್ಡಿಗೂ ಗಂಟು ಹಾಕಿರುವುದನ್ನು ಬಿಡಿಸಿ ಅನ್ನುವುದೂ ದೊಡ್ಡ ಬೇಡಿಕೆಯಾಗಿತ್ತು. ಮನೆ ಮನೆ ಸುತ್ತಿದವರು ನೀವು, ಕಂಪ್ಯೂಟರಿನಲ್ಲಿ ಒಂದು ಕಾಲಂ ಖಾಲಿ ಬಿದ್ದರೆ ಆ ಸುತ್ತಾಟಕ್ಕೆ ಲೆಕ್ಕವೇ ಇಲ್ಲ ಅಂದರೆ ಹೇಗೆ? ಒಂದೇ ವಿಷಯವನ್ನು ಎರಡು ಕಡೆ ಬರೆಸುವುದನ್ನು ಇಲಾಖೆಯೇ ನಿಲ್ಲಿಸಬೇಕು, ಇದಕ್ಕೆ ನನ್ನ ಹತ್ತಿರ ಉಪಾಯವಿಲ್ಲ.

ಆದರೆ ಫೋನೇ ಬೇಡ ಅನ್ನಬೇಡಿ. ಯಾರಿಗೆ ಈ ವಾರ ಧನುರ್ವಾಯು ತಡೆಯುವ ಟಿಡಿ ಚುಚ್ಚುಮದ್ದು, ಯಾರದ್ದು ನಾಲ್ಕನೇ ತಪಾಸಣೆ ಬಾಕಿ, ಯಾವ ಬಾಣಂತಿಗೆ ಇವತ್ತು 14ನೇ ದಿನ ಅನ್ನುವುದನ್ನು ನೆನಪಿಸಲು ಅದಕ್ಕಿಂತ ಒಳ್ಳೆಯದಿಲ್ಲ. ಹೆರಿಗೆಯಾದ 3, 7, 14, 21, 28, 42ನೇ ದಿನ ಅಂತ ಆರು ಭೇಟಿಗಳನ್ನು ಹತ್ತಾರು ಬಾಣಂತಿಯರಿಗೆ ತಲೆಯಲ್ಲಿಟ್ಟುಕೊಳ್ಳುವುದು ಯಾರಿಗೂ ಆಗಲ್ಲ. ಹೋದ ತಿಂಗಳು ಹಿಮೋಗ್ಲೋಬಿನ್ 10 ಇದ್ದದ್ದು ಈಗ 8ಕ್ಕೆ ಇಳಿದಿದೆ ಅನ್ನುವುದೂ ಅಲ್ಲೇ ಕಣ್ಣಿಗೆ ಬೀಳುತ್ತದೆ.

ನನ್ನ ಸಲಹೆ ಇಷ್ಟು. ಮನೆಯೊಳಗೆ ಹೋದ ತಕ್ಷಣ ಫೋನ್ ತೆಗೆಯಬೇಡಿ. ಮೊದಲು ಗರ್ಭಿಣಿಯ ಮುಖ, ಕಾಲು, ಕಣ್ಣು ನೋಡಿ. ಊಟ ಸೇರುತ್ತಾ, ಕಬ್ಬಿಣದ ಮಾತ್ರೆ ನುಂಗುತ್ತಾಳಾ, ಇಲ್ಲ ಡಬ್ಬಿಯಲ್ಲೇ ಇದೆಯಾ ಕೇಳಿ. ಮಾತ್ರೆ 180 ದಿನ ನುಂಗಬೇಕು ಅಂತ ಆ್ಯಪ್‌ಗೆ ಗೊತ್ತು, ಅದು ಅಕ್ಕಿ ಡಬ್ಬಿಯ ಹಿಂದೆ ಕೂತಿದೆ ಅಂತ ನಿಮಗೆ ಮಾತ್ರ ಗೊತ್ತಾಗುವುದು, ಅಲ್ವಾ? ಅತ್ತೆ ಎದುರಿಗಿದ್ದರೆ ಕೆಲವು ಪ್ರಶ್ನೆ ಆಮೇಲೆ ಕೇಳಿ. ಎಂಟ್ರಿ ಹೊರಗೆ ನೆಟ್‌ವರ್ಕ್ ಸಿಕ್ಕ ಕಡೆ ಮಾಡಿ. ಒಬ್ಬರ ತಾಯಿ ಕಾರ್ಡ್ ಫೋಟೊವನ್ನು ದಯವಿಟ್ಟು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ, ಅದರಲ್ಲಿ ಅವಳ ಕಾಯಿಲೆ ಕಸಾಲೆ ಎಲ್ಲಾ ಇರುತ್ತದೆ.

ಪ್ರಶ್ನೆ: ಹೆಂಡತಿಯ ಫೋನಿಗೆ ಪ್ರೆಗ್ನೆನ್ಸಿ ಆ್ಯಪ್ ಹಾಕಿಕೊಟ್ಟಿದ್ದೇನೆ. ವಾರವಾರ ಎಲ್ಲಾ ಹೇಳುತ್ತದೆ. ಆದರೂ ಆಶಾ 9ನೇ ತಾರೀಖು ಆಸ್ಪತ್ರೆಗೆ ಬನ್ನಿ ಅಂತ ಜಾಸ್ತಿ ಒತ್ತಾಯ ಮಾಡುತ್ತಾರೆ. ಹೋಗಬೇಕಾ?
– ಓದುಗರು, ಯಲಹಂಕ

ಉತ್ತರ: ಹೋಗಬೇಕು. ಮಗು ಈಗ ಎಷ್ಟು ದೊಡ್ಡದಾಗಿದೆ ಅಂತ ಆ್ಯಪ್ ಅಂದಾಜಿನಲ್ಲಿ ಹೇಳುತ್ತದೆ, ನಿಮ್ಮ ಹೆಂಡತಿಯ ಬಿಪಿ ನೋಡುವುದಿಲ್ಲ. ಬಿಪಿ 140/90ಕ್ಕೆ ಏರಿದರೂ ಕೆಲವರಿಗೆ ಏನೂ ಗೊತ್ತಾಗಲ್ಲ, ಆರಾಮಾಗಿಯೇ ಓಡಾಡುತ್ತಿರುತ್ತಾರೆ. ತಲೆನೋವು ಜೋರಾದರೆ, ಕಣ್ಣು ಮಂಜಾದರೆ, ಮುಖ ಊದಿಕೊಂಡರೆ, ರಕ್ತ ಕಂಡರೆ, ಮಗುವಿನ ಓಡಾಟ ಕಡಿಮೆಯಾದರೆ ಆ್ಯಪ್‌ನಲ್ಲಿ ಹುಡುಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಪ್ರತಿ ತಿಂಗಳು 9ಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಡಾಕ್ಟರ್ ತಪಾಸಣೆ ಉಚಿತ, 2016ರಿಂದ ನಡೆಯುತ್ತಿದೆ. ಅವತ್ತು ಭಾನುವಾರ ಬಂದರೆ ಮರುದಿನ ಇರುತ್ತದೆ. ಸಾಧ್ಯವಾದರೆ ರಜೆ ಹಾಕಿ ನೀವೂ ಜೊತೆಗೆ ಹೋಗಿ.